ಮಂಗನಿಗೊಂದು ಮಣೆ

ಬನ್ನೂರು ಅಂದ ತಕ್ಷಣ ಮೈಸೂರಿನವರು ಕೇಳುವುದು ಒಂದೇ ಪ್ರಶ್ನೆ: ‘ಕುರಿಮಾಂಸ ಕೆ.ಜಿ.ಗೆ ಎಷ್ಟಾಗಿದೆ ಸ್ವಾಮಿ?’ ಗಿಡ್ಡ ಕಾಲಿನ, ದುಂಡು ಮೈಯ ಆ ಕುರಿಯ ತವರು ಪಕ್ಕದ ಮಳವಳ್ಳಿ ತಾಲ್ಲೂಕಿನ ಬಂಡೂರು ಎಂದು ವಿವರಿಸಲು ಹೋದರೆ ಕೇಳುವ ವ್ಯವಧಾನ ಯಾರಿಗೂ ಇಲ್ಲ. ಸುಮಾರು 25 ಕಿ.ಮೀ. ಕಾರು ಓಡಿಸಿಕೊಂಡು ಬರುತ್ತಾರೆ, ಚೀಲ ತುಂಬಿಸಿಕೊಳ್ಳುತ್ತಾರೆ, ಪುರುಸೊತ್ತಿದ್ದರೆ ಸೋಮನಾಥಪುರದ ಕೇಶವ ದೇವಾಲಯದ ಮುಂದೆ ನಿಂತು ಒಂದು ಫೋಟೊ, ಅಲ್ಲಿಗೆ ಮುಗಿಯಿತು. ಇದೇ ಊರಿನಲ್ಲಿ 15ನೇ ಶತಮಾನದಲ್ಲಿ ಹುಟ್ಟಿದ ಒಂದು ಕೂಸು ಮುಂದೆ ವ್ಯಾಸರಾಯರಾಯಿತು, ವಿಜಯನಗರದ ಕೃಷ್ಣದೇವರಾಯ ಅವರನ್ನು ಗುರುವೆಂದು ಕಂಡ, ಪುರಂದರದಾಸರು, ಕನಕದಾಸರು ಅವರ ಶಿಷ್ಯರಾದರು, ‘ನ್ಯಾಯಾಮೃತ’ ಬರೆದ ಆ ಯತಿ 1539ರಲ್ಲಿ ಆನೆಗುಂದಿಯ ನವಬೃಂದಾವನ ಸೇರಿದರು ಎಂಬುದೆಲ್ಲ ಕುರಿಯ ಗಿರಾಕಿಗಳಿಗೆ ಹಾಗಿರಲಿ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹುಡುಗರಿಗೂ ಗೊತ್ತಿಲ್ಲ.

ವ್ಯಾಸರಾಯರ ಸುದ್ದಿ ಈಗ್ಯಾಕೆ ಬಂತು ಅಂದರೆ ಮಂಗನ ಸುದ್ದಿ ಬಂತು. ಮಂಗನ ಸುದ್ದಿ ಯಾಕೆ ಬಂತು ಅಂದರೆ ಪಕ್ಕದ ಮನೆ ಅಕ್ಕನ ಮೊಮ್ಮಗಳು ಕಣ್ಣು ಮುಚ್ಚಿಕೊಂಡು ಕೂತಳು. ಕ್ರಮವಾಗಿಯೇ ಹೇಳುತ್ತೇನೆ, ಹರಟೆಯಲ್ಲಿ ಎಷ್ಟು ಕ್ರಮ ಸಾಧ್ಯವೋ ಅಷ್ಟು.

ನಮ್ಮಿಬ್ಬರ ಹಿತ್ತಿಲ ನಡುವೆ ಇರುವುದು ದಾಸವಾಳದ ಬೇಲಿ. ಆಚೆಯಿಂದ ಅಕ್ಕನ ಗಂಟಲು ಮೊದಲು ಬರುತ್ತದೆ, ಆಮೇಲೆ ಮುಖ.

‘ಏನ್ ಮೇಷ್ಟ್ರೇ, ನಮ್ ಕೂಸು ಹೊತ್ತಾರೆ ಎದ್ದು ಮಾಡಿ ಮೇಲ್ ಹೋಗಿ ಕಣ್ ಮುಚ್ಕಂಡು ಕೂತ್ಕತಾಳೆ. ಮಾತಾಡ್ಸುದ್ರೆ ಮಾತಿಲ್ಲ. ಯಾರ್ನಾರ ಮೆಚ್ಕಂಡವ್ಳೋ ಏನೋ, ವಸಿ ನೀವೇ ವಿಚಾರ್ಸಿ.’

‘ಧ್ಯಾನ ಮಾಡ್ತಾ ಇದಾಳೆ ಕಣಕ್ಕ. ನನ್ನನ್ನೂ ಕೇಳಿದ್ಲು, ಹೇಗೆ ಕೂರೋದು ಅಂತ.’

‘ಈ ವಯಸ್ಗಾ? ಮದ್ವೆ ಆಗ್ಲಿ, ಮಕ್ಳಾಗ್ಲಿ. ಆಮೇಲ್ ತಾನಾಗೇ ಬೇಕಾಯ್ತದೆ.’

ಅಕ್ಕನ ಮಾತಿನಲ್ಲಿ ನಮ್ಮ ನಾಡಿನ ಹಳೆಯ ಟೈಮ್ ಟೇಬಲ್ ಇದೆ. ಓದು, ನೌಕರಿ, ಮದುವೆ, ಸಾಲ, ಮಂಡಿನೋವು, ಕೊನೆಯ ಪೀರಿಯಡ್ಡಿನಲ್ಲಿ ಧ್ಯಾನ. ಅಷ್ಟು ಹೊತ್ತಿಗೆ ಚಕ್ಕಳಮಕ್ಕಳ ಹಾಕಲು ಮಂಡಿ ಬಗ್ಗುವುದಿಲ್ಲ ಎಂಬುದನ್ನು ಟೈಮ್ ಟೇಬಲ್ ಹಾಕಿದವರು ಯೋಚಿಸಿದಂತೆ ಕಾಣುವುದಿಲ್ಲ. ಹುಡುಗಿ ಮೈಸೂರಿನಲ್ಲಿ ಬಿ.ಕಾಂ. ಓದುತ್ತಾಳೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋದರೆ ಹಿಂದಿರುಗುವಾಗ ದೀಪ ಹಚ್ಚಿರುತ್ತದೆ. ಇಂಟರ್ನಲ್ಸು, ಅಸೈನ್‌ಮೆಂಟು, ಬ್ಯಾಂಕ್ ಪರೀಕ್ಷೆಯ ಕೋಚಿಂಗು, ಕೈಯಲ್ಲಿ ಸದಾ ಗುಂಯ್‌ಗುಡುವ ಫೋನು. ಈ ವಯಸ್ಸಿಗೆ ಬೇಡವಾದರೆ ಇನ್ಯಾವ ವಯಸ್ಸಿಗೆ ಬೇಕು?

ಅಕ್ಕನಿಗೆ ಇದನ್ನು ಬೇರೆ ದಾರಿಯಲ್ಲಿ ಹೇಳಬೇಕಾಯಿತು. ಅವರ ತವರು ನಂಜನಗೂಡಿನ ಕಡೆ, ಸುತ್ತೂರಿಗೆ ಹತ್ತಿರ. ಸ್ನಾನ, ಶಿವಪೂಜೆ ಆಗದೆ ಕಾಫಿ ಮುಟ್ಟಿದವರಲ್ಲ. ‘ಅಕ್ಕ, ದಿನಾ ಎಡಗೈ ಮೇಲೆ ಲಿಂಗ ಇಟ್ಕೊಂಡು ರೆಪ್ಪೆ ಮಿಟುಕಿಸದೆ ನೋಡ್ತೀರಲ್ಲ, ಅವಳು ಮಾಡೋದೂ ಅದರ ಅಕ್ಕತಂಗಿನೇ. ನೀವು ಲಿಂಗ ನೋಡ್ತೀರಿ, ಅವಳು ಉಸಿರು ನೋಡ್ತಾಳೆ’ ಅಂದೆ.

ಅಕ್ಕ ಒಂದು ಗಳಿಗೆ ಸುಮ್ಮನಿದ್ದು, ‘ನೋಡೋದೇನೋ ನೋಡ್ತೀನಿ ಮೇಷ್ಟ್ರೇ. ಆದ್ರೆ ಗ್ಯಾನ ಒಲೆ ಮೇಲಿಟ್ಟ ಹಾಲ್ ತಾವ್ ಇರ್ತದೆ’ ಅಂದರು.

ಎಂಥ ಮಾತು ನೋಡಿ! ಇದನ್ನೇ ಹೇಳಲು ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್, ಡ್ಯಾನಿಯಲ್ ಗಿಲ್ಬರ್ಟ್ ಎಂಬ ಇಬ್ಬರು 2010ರಲ್ಲಿ 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಬೇಕಾಯಿತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಹೇಗನ್ನಿಸುತ್ತಿದೆ? ಲೆಕ್ಕ ಹಾಕಿದರೆ ಎಚ್ಚರವಿರುವ ಹೊತ್ತಿನಲ್ಲಿ ಶೇ 47ರಷ್ಟು ಸಲ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಹಾಗೆ ಅಲೆಯುತ್ತಿದ್ದಾಗ ಜನ ಅಷ್ಟು ಸುಖವಾಗಿಯೂ ಇರಲಿಲ್ಲ. ಅಕ್ಕನಿಗೆ ಈ ಅಂಕಿ ಹೇಳಿದೆ. ‘ಬರೀ ಅರ್ಧಾನಾ? ಪುಣ್ಯವಂತ್ರು ಕಣ್ ಬುಡಿ ಅವ್ರು’ ಅಂದರು.

ಮಂಗ ಬರುವುದು ಇಲ್ಲೇ. ಮನಸ್ಸು ಮರ್ಕಟ ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. ಆ ಮರ್ಕಟವನ್ನು ಏನು ಮಾಡಬೇಕು ಎಂದು ಕಲ್ಲಿನ ಮೇಲೆ ಬರೆದು ತೋರಿಸಿದವರು ನಮ್ಮೂರಿನಲ್ಲಿ ಹುಟ್ಟಿದವರೇ. ಹಂಪಿಯಲ್ಲಿ ತುಂಗಭದ್ರೆಯ ಚಕ್ರತೀರ್ಥದ ಹತ್ತಿರ ಯಂತ್ರೋದ್ಧಾರಕ ಹನುಮಂತನ ಗುಡಿಯಿದೆ, ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದು. ಕತೆ ಹೀಗೆ: ಬಂಡೆಯ ಮೇಲೆ ಇದ್ದಿಲಿನಿಂದ ಹನುಮಂತನನ್ನು ಬರೆದು ಅವರು ಧ್ಯಾನಕ್ಕೆ ಕೂರುತ್ತಿದ್ದರಂತೆ. ಮುಗಿಯುವ ಹೊತ್ತಿಗೆ ಚಿತ್ರದ ಮಂಗಕ್ಕೆ ಜೀವ ಬಂದು ಛಂಗನೆ ಹಾರಿಹೋಗುತ್ತಿತ್ತಂತೆ, ಬಂಡೆ ಖಾಲಿ. ಮಾರನೆಯ ದಿನ ಮತ್ತೆ ಬರೆದರು, ಮತ್ತೆ ಹಾರಿತು. ಹನ್ನೆರಡು ದಿನ ಹೀಗೇ ಆಯಿತಂತೆ. ಕೊನೆಗೆ ಆರು ಮೂಲೆಯ ಯಂತ್ರವೊಂದನ್ನು ಬರೆದು ಅದರ ನಡುವೆ ಕೂರಿಸಿದರು. ಅಲ್ಲಿ ಹನುಮಂತ ಗದೆ ಎತ್ತಿಲ್ಲ, ಬೆಟ್ಟ ಹೊತ್ತಿಲ್ಲ, ಸಮುದ್ರ ಹಾರುತ್ತಿಲ್ಲ. ಪದ್ಮಾಸನ ಹಾಕಿಕೊಂಡು ಕೂತಿದ್ದಾನೆ. ಸುತ್ತ ಹಾರಿಹೋದ ಹನ್ನೆರಡೂ ಕೋತಿಗಳು ಸಾಲಾಗಿ ಸುತ್ತುಗಟ್ಟಿವೆ.

ನನಗೆ ಈ ಕತೆಯಲ್ಲಿ ಬಹಳ ಹಿಡಿಸುವುದು ವ್ಯಾಸರಾಯರು ಮಂಗನನ್ನು ಅಟ್ಟಿಸಿಕೊಂಡು ಹೋಗಲಿಲ್ಲ ಎಂಬುದು. ಕೋಲು ತೆಗೆದುಕೊಳ್ಳಲಿಲ್ಲ. ಹಾರಿದೆಯಾ, ಹಾರು, ನಾಳೆ ಮತ್ತೆ ಬರೆಯುತ್ತೇನೆ. ಹುಡುಗಿಗೆ ನಾನು ಹೇಳಿಕೊಟ್ಟದ್ದೂ ಇಷ್ಟೇ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಮೂಗಿನ ತುದಿಯಲ್ಲಿ ಉಸಿರು ಹೋಗಿ ಬರುವುದನ್ನು ಗಮನಿಸು. ಎರಡು ಉಸಿರಿಗೆ ಮನಸ್ಸು ಬಸ್ ಪಾಸಿಗೆ ಹೋಗುತ್ತದೆ. ಹೋಗಿದೆ ಎಂದು ಗೊತ್ತಾಯಿತಲ್ಲ, ಅಲ್ಲಿಂದ ಮತ್ತೆ ಮೂಗಿಗೆ ಬಾ. ಬೈದುಕೊಳ್ಳಬೇಡ. ಹೋದದ್ದು ಸೋಲಲ್ಲ, ಬಂದದ್ದೇ ಅಭ್ಯಾಸ. ಮೊದಲು ಹತ್ತು ನಿಮಿಷ ಸಾಕು. ‘ಮನಸ್ಸು ಖಾಲಿ ಆಗೋದು ಯಾವಾಗ ಸರ್?’ ಅಂತ ಕೇಳಿದಳು. ಖಾಲಿ ಮಾಡಲು ಅದೇನು ಬಾಡಿಗೆ ಮನೆಯೇ?

ಪಶ್ಚಿಮದವರು ಇದನ್ನು ಆಸ್ಪತ್ರೆಗೆ ತಂದ ರೀತಿ ಮಾತ್ರ ಮೆಚ್ಚಬೇಕಾದ್ದು. ಜಾನ್ ಕಬಾಟ್-ಜಿನ್ ಎಂಬ ಆಣ್ವಿಕ ಜೀವವಿಜ್ಞಾನದ ಡಾಕ್ಟರೇಟ್ ಪಡೆದ ಮನುಷ್ಯ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಕೆಲವು ವಾರಗಳ ಒಂದು ತರಬೇತಿ ಶುರುಮಾಡಿದ. ದೇವರು, ಮಂತ್ರ, ಕಾವಿ ಎಲ್ಲ ಪಕ್ಕಕ್ಕಿಟ್ಟು, ಔಷಧಿಗೆ ಬಗ್ಗದ ನೋವಿನವರನ್ನು ಕೂರಿಸಿ ಉಸಿರು ನೋಡಿ ಎಂದ. ಅವನ ಮೊದಲ ಪಾಠ ಒಂದೇ ಒಂದು ಒಣದ್ರಾಕ್ಷಿ ತಿನ್ನುವುದು. ಅದನ್ನು ನೋಡಿ, ಮೂಸಿ, ಬೆರಳಲ್ಲಿ ಹೊರಳಿಸಿ, ನಾಲಗೆ ಮೇಲಿಟ್ಟುಕೊಂಡು, ಆಮೇಲೆ ನಿಧಾನಕ್ಕೆ ಅಗಿಯುವುದು. ಅಕ್ಕನಿಗೆ ಇದನ್ನು ಹೇಳಿದ್ದೇ ತಪ್ಪಾಯಿತೇನೋ, ‘ಒಂದ್ ದ್ರಾಕ್ಷಿಗೆ ಇಷ್ಟೊಂದ್ ಮಾಡ್ತಾರಾ? ನಮ್ ನಂಜನಗೂಡ್ ರಸಬಾಳೆ ಕೊಟ್ ನೋಡಿ, ಯಾರೂ ಹೇಳ್ದೇನೇ ಕಣ್ ಮುಚ್ಕತಾರೆ’ ಎಂದು ತವರಿನ ಪರ ವಕಾಲತ್ತಿಗೆ ನಿಂತರು. ಮುಂದಿನ ಸಲ ತವರಿಂದ ಬಂದಾಗ ಒಂದು ಚಿಪ್ಪು ತಂದೂ ಕೊಟ್ಟರು. ಸಿಪ್ಪೆ ತೆಳ್ಳಗೆ, ಒಳಗೆ ಬೆಣ್ಣೆ. ಪರೀಕ್ಷೆ ಮಾಡಿದೆ, ಅಕ್ಕ ಹೇಳಿದ್ದು ಸರಿ.

ಹುಡುಗಿ ಒಬ್ಬಳೇ ಕೂತದ್ದು ಸ್ವಲ್ಪ ಕಾಲ. ಒಬ್ಬರೇ ಕೂರುವುದರ ತೊಂದರೆ ಏನೆಂದರೆ, ಎದ್ದು ಹೋದರೆ ಕೇಳುವವರಿಲ್ಲ. ಇವತ್ತು ತಲೆನೋವು, ನಾಳೆ ಟೆಸ್ಟು, ನಾಡಿದ್ದು ಮಳೆ, ಆಚೆ ನಾಡಿದ್ದು ಅಭ್ಯಾಸ ತಪ್ಪಿಹೋಗಿರುತ್ತದೆ. ‘ಜೊತೆ ಇದ್ರೆ ಕೂರ್ತೀನಿ ಸರ್’ ಎಂದು ಬಸ್ಸಿನ ಗೆಳತಿಯರಿಬ್ಬರನ್ನು ಕರೆತಂದಳು. ಜಾಗ ನಮ್ಮ ಮನೆಯ ಪಡಸಾಲೆ, ಭಾನುವಾರ ಬೆಳಿಗ್ಗೆ ಏಳು ಗಂಟೆ. ಆ ಇಬ್ಬರು ಇನ್ನಿಬ್ಬರನ್ನು ಕರೆತಂದರು. ಅದರಲ್ಲೊಬ್ಬ ಟಿ. ನರಸೀಪುರದ ಕಡೆಯ ಹುಡುಗ, ಬೈಕಿನಲ್ಲಿ ಬರುವವನು. ಇಬ್ಬರೇ ಬಂದರೂ ಏಳಕ್ಕೆ ಸರಿಯಾಗಿ ಶುರು, ತಡವಾಗಿ ಬಂದವರು ಸದ್ದಿಲ್ಲದೆ ಹಿಂದೆ ಕೂರುವುದು, ಗಡಿಯಾರ ನೋಡಲು ವಾರಕ್ಕೊಬ್ಬರು, ಇಪ್ಪತ್ತು ನಿಮಿಷ, ಆಮೇಲೆ ಅವಲಕ್ಕಿ. ಫೋನು ಬಾಗಿಲಲ್ಲೇ ಬಿಡಬೇಕು. ಇಡಲು ಅಕ್ಕನೇ ತಮ್ಮ ಮನೆಯ ಮೊರ ಕೊಟ್ಟರು. ಆಮೇಲೆ ಬೇಲಿಯಿಂದ ಇಣುಕಿ, ಮೊರದ ತುಂಬ ಫೋನು ಮಲಗಿರುವುದನ್ನು ಕಂಡು, ‘ಅಯ್ಯೋ ಶಿವ್ನೇ, ಗೌರಿಹಬ್ಬುದ್ ಮೊರದ್ ಬಾಗ್ನ ಕೊಟ್ಟಂಗದಲ್ಲ!’ ಎಂದು ನಕ್ಕದ್ದಕ್ಕೆ ಕಣ್ಣು ಮುಚ್ಚಿ ಕೂತಿದ್ದವರೆಲ್ಲ ಪಕ್ಕನೆ ನಕ್ಕುಬಿಟ್ಟರು. ಆವತ್ತಿನ ಧ್ಯಾನ ಅಲ್ಲಿಗೆ ಮುಕ್ತಾಯ.

ಅಕ್ಕ ಸುಮ್ಮನಿರುವವರಲ್ಲ. ಸುತ್ತೂರು ಸ್ವಾಮಿಗಳ ಫೋಟೊ ಒಂದು ಇಡಿ, ಊದುಬತ್ತಿ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು ಕೂತರೆ ಏನು ಕಷ್ಟ ಎಂದು ಮೊಮ್ಮಗಳ ಮೇಲೆ ಮುಗಿಬಿದ್ದರು. ಹುಡುಗಿ ಸಾವಧಾನವಾಗಿ, ‘ಅಜ್ಜಿ, ಬರೋರಲ್ಲಿ ಒಬ್ಬಳು ಮನೇಲಿ ನಮಾಜು ಮಾಡಿ ಬರ್ತಾಳೆ, ಒಬ್ಬಳು ಇಲ್ಲಿಂದ ಎದ್ದು ಚರ್ಚಿಗೆ ಹೋಗ್ತಾಳೆ, ಆ ಹುಡುಗನ ಮನೇಲಿ ಅಂಬೇಡ್ಕರ್, ಬುದ್ಧ. ಎಲ್ಲರ ಫೋಟೊನೂ ಇಟ್ರೆ ನಾವು ಕೂರೋಕೆ ಜಾಗ ಇರಲ್ಲ’ ಎಂದಳು. ಅಕ್ಕ ಯೋಚನೆ ಮಾಡಿ, ‘ಅವಲಕ್ಕಿಗೆ ಯಾರ್ದೂ ಅಭ್ಯಂತ್ರ ಇಲ್ವಲ್ಲ?’ ಅಂದರು. ಇರಲಿಲ್ಲ.

ಊರಲ್ಲಿ ಏನೂ ಗುಟ್ಟಾಗಿ ಉಳಿಯುವುದಿಲ್ಲ. ಸುದ್ದಿ ಕೇಳಿ ಸ್ಥಳೀಯ ಮುಖಂಡರೊಬ್ಬರು ಬಂದರು. ಒಳ್ಳೆ ಕೆಲಸ ಮೇಷ್ಟ್ರೇ, ಒಂದು ಫ್ಲೆಕ್ಸ್ ಹಾಕಿಸೋಣ, ಶಾಮಿಯಾನ ನನ್ನದು, ಉದ್ಘಾಟನೆಗೆ ದೊಡ್ಡವರನ್ನು ಕರೆಸೋಣ ಎಂದರು. ಧ್ಯಾನ ಮಾಡುವವರು ಏಳು ಮಂದಿ, ಫ್ಲೆಕ್ಸಿನಲ್ಲಿ ಮುಖ ಇಪ್ಪತ್ತೇಳು. ಬೇಡ ಎನ್ನಲು ನಾನು ಮಾತು ಹುಡುಕುತ್ತಿದ್ದಾಗ ಹುಡುಗಿಯೇ, ‘ಸರ್, ಉದ್ಘಾಟನೆ ಆಗಿಹೋಗಿದೆ. ನೀವು ಭಾನುವಾರ ಬಂದು ಕೂತ್ಕೊಳ್ಳಿ’ ಅಂದಳು. ಅವರು ಬರುತ್ತೇನೆ ಎಂದರು. ಚುನಾವಣೆ ಹತ್ತಿರವಿರಲಿಲ್ಲವಾದ್ದರಿಂದ ಬರಲಿಲ್ಲ.

ಹುಡುಗಿಗೆ ಈ ಜಾಣತನ ಬಂದದ್ದು ಅನುಭವದಿಂದ. ಡಿಸೆಂಬರ್ 21 ವಿಶ್ವ ಧ್ಯಾನ ದಿನ ಎಂದು ವಿಶ್ವಸಂಸ್ಥೆ 2024ರಲ್ಲಿ ಸಾರಿತಲ್ಲ, ಅದನ್ನು ಮೈಸೂರಿನ ಒಂದು ಕಾಲೇಜಿನಲ್ಲಿ ಆಚರಿಸಿದರಂತೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ. ಮುಖ್ಯ ಅತಿಥಿಗಳು ಮೌನದ ಮಹತ್ವದ ಬಗ್ಗೆ ಒಂದು ಗಂಟೆ ಮಾತಾಡಿದರು. ಮೈಕು ನಡುನಡುವೆ ಕಿರುಚಿ ಅವರನ್ನು ಅನುಮೋದಿಸಿತು. ಹಾಜರಿ ಕಡ್ಡಾಯ, ಆದ್ದರಿಂದ ಹಿಂದಿನ ಬೆಂಚುಗಳಲ್ಲಿ ಆಗಲೇ ಸಮಾಧಿ ಸ್ಥಿತಿ. ಕೊನೆಗೆ ಧ್ಯಾನಕ್ಕೆ ಉಳಿದದ್ದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಫೋಟೊಗ್ರಾಫರು ಎಲ್ಲರ ಮುಖದ ಮೇಲೂ ಫ್ಲ್ಯಾಷ್ ಹೊಡೆದರು. ವಂದನಾರ್ಪಣೆ. ಲಘು ಉಪಾಹಾರ.

ಇದನ್ನು ಕೊಂಕಿಗಾಗಿ ಹೇಳುತ್ತಿಲ್ಲ, ಸ್ವಲ್ಪ ಕೊಂಕೂ ಇರಲಿ. 2017ರ ಜೂನ್ 21ರಂದು ಮೈಸೂರಿನ ರೇಸ್‌ಕೋರ್ಸ್ ಮೈದಾನದಲ್ಲಿ 55,506 ಮಂದಿ ಒಟ್ಟಿಗೆ ಯೋಗ ಮಾಡಿ ಗಿನ್ನೆಸ್ ದಾಖಲೆ ಮಾಡಿದರು. ಸಂತೋಷ. ಜೂನ್ 22ರಂದು ಎಷ್ಟು ಮಂದಿ ಚಾಪೆ ಬಿಚ್ಚಿದರು ಎಂದು ಯಾರೂ ಎಣಿಸಲಿಲ್ಲ. ನನಗೆ ಆಸಕ್ತಿ ಇರುವುದು 22ನೇ ತಾರೀಖಿನಲ್ಲಿ.

ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂದು ಬ್ರಿಟನ್ನಿನವರು ದೊಡ್ಡದಾಗಿಯೇ ಪರೀಕ್ಷೆ ಮಾಡಿದರು. 80ಕ್ಕೂ ಹೆಚ್ಚು ಶಾಲೆಗಳು, 8,000ಕ್ಕೂ ಹೆಚ್ಚು ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ತರಗತಿಯ ಪಾಠವಾಗಿಯೇ ಧ್ಯಾನ ಕಲಿಸಿದರು. 2022ರಲ್ಲಿ ಫಲಿತಾಂಶ ಬಂತು: ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೇಳಿಕೊಳ್ಳುವಂಥ ಲಾಭ ಏನೂ ಇಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮಗ್ಗಿ ಬಾಯಿಪಾಠದ ಜೊತೆಗೆ ಇನ್ನೊಂದು ಪಾಠ ಅಷ್ಟೇ. ಅದಕ್ಕೂ ಮುಂಚೆ, 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ 616 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಗಿತ್ತು. ಅಲ್ಲಿ ತಾವಾಗಿಯೇ ಹೆಸರು ಕೊಟ್ಟು ಬಂದವರು. ಎಂಟು ವಾರದ ತರಬೇತಿ ಪಡೆದವರಿಗೆ ಪರೀಕ್ಷೆಯ ಕಾಲದ ಕಳವಳ ಉಳಿದವರಿಗಿಂತ ಕಡಿಮೆಯಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಇದೇ ಕಾರಣ ಎಂದು ಅಡ್ಡಗೆರೆ ಎಳೆಯುವುದು ಸರಿಯಲ್ಲ. ಒಂದು ಕಡೆ ಚಿಕ್ಕ ಮಕ್ಕಳು, ಇನ್ನೊಂದು ಕಡೆ ಬೆಳೆದವರು. ಆದರೂ ಮೇಷ್ಟ್ರಾಗಿದ್ದ ನನಗೆ, ತಾನಾಗಿ ಬಂದು ಕೂತ ಹುಡುಗನಿಗೂ ಹಾಜರಿಗೆ ಬಂದ ಹುಡುಗನಿಗೂ ಇರುವ ವ್ಯತ್ಯಾಸ ಬೆನ್ನು ನೋಡಿದರೇ ಗೊತ್ತಾಗುತ್ತದೆ.

ಕಾಲೇಜು ಹುಡುಗರು ಒಟ್ಟಿಗೆ ಧ್ಯಾನಕ್ಕೆ ಕೂರುವುದು ಮೈಸೂರು ಸೀಮೆಗೆ ಹೊಸದೂ ಅಲ್ಲ. ನಮ್ಮ ಪಡಸಾಲೆಯ ಐಕಳಿಗೆ ನಾನು ಹೇಳುವ ಕತೆ ಕುಪ್ಪಳಿಯ ಒಬ್ಬ ಹುಡುಗನದು. ಮಲೆನಾಡಿನ ಕಾಡು ಬಿಟ್ಟು ಓದಲು ಮೈಸೂರಿಗೆ ಬಂದವನು, ಮಹಾರಾಜ ಕಾಲೇಜಿನ ವಿದ್ಯಾರ್ಥಿ. ವಿವೇಕಾನಂದರನ್ನು ಓದುವ ಗೀಳು, ಆದರೆ ಪುಸ್ತಕದ ಜೊತೆ ಎಷ್ಟು ಹೊತ್ತು ಕೂರಲಾದೀತು? ಮೈಸೂರಿನಲ್ಲಿ ರಾಮಕೃಷ್ಣಾಶ್ರಮ ಶುರುವಾದದ್ದು 1925ರಲ್ಲಿ. ಅಲ್ಲಿದ್ದ ಸ್ವಾಮಿ ಸಿದ್ಧೇಶ್ವರಾನಂದರಿಗೆ ಈ ಹುಡುಗನ ಮೇಲೆ ಕಣ್ಣು ಬಿತ್ತು. ಆಶ್ರಮಕ್ಕೇ ಬಂದು ಇರು ಎಂದರು. ಮುಂದೆ ಕುವೆಂಪು ಎನಿಸಿದ ಕೆ.ವಿ. ಪುಟ್ಟಪ್ಪ ಅಲ್ಲಿ ಉಳಿದರು. 1927ಕ್ಕೆ ಬಿ.ಎ., 1929ಕ್ಕೆ ಎಂ.ಎ., ಅದೇ ವರ್ಷ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ. ಅಧ್ಯಾಪಕರಾದ ಮೇಲೂ ಆಶ್ರಮದಲ್ಲೇ ವಾಸ. 1937ರಲ್ಲಿ ಕುವೆಂಪು ಮದುವೆಯಾದರು. ಅದೇ ವರ್ಷ ಸಿದ್ಧೇಶ್ವರಾನಂದರು ವೇದಾಂತ ಹೇಳಲು ಫ್ರಾನ್ಸಿಗೆ ಹೊರಟರು.

ಈ ಕತೆಯಲ್ಲಿ ನಮ್ಮ ಐಕಳಿಗೆ ಹಿಡಿಸಿದ್ದು ದೀಕ್ಷೆಯಲ್ಲ, ಜೊತೆವಾಸ. ಬೆಳಗಿನ ಧ್ಯಾನ, ಸಂಜೆಯ ಭಜನೆ, ಒಟ್ಟಿಗೆ ಊಟ, ಮನಸ್ಸು ಕೆಟ್ಟಾಗ ತಮಾಷೆ ಮಾಡುವ ಒಬ್ಬ ಹಿರಿಯ ಸ್ವಾಮಿ. ‘ಹಾಸ್ಟೆಲ್ ಇದ್ದ ಹಾಗೆ, ಆದ್ರೆ ವಾರ್ಡನ್ ಒಳ್ಳೆಯವರು’ ಎಂದು ನರಸೀಪುರದ ಹುಡುಗ ವ್ಯಾಖ್ಯಾನ ಮಾಡಿದ. ಅವನದೇ ಇನ್ನೊಂದು ಅನುಮಾನ: ‘ಹೀಗೆ ಕಣ್ಣು ಮುಚ್ಚಿ ಕೂತ್ರೆ ಅನ್ಯಾಯ ಕಂಡ್ರೂ ಸುಮ್ಮನಿರೋ ಹಾಗೆ ಆಗ್ಬಿಡ್ತೀವಾ ಸರ್? ಶಾಂತಿ ಶಾಂತಿ ಅಂತ?’ ಒಳ್ಳೆಯ ಪ್ರಶ್ನೆ, ಬಹಳ ಮಂದಿ ಧ್ಯಾನದ ವ್ಯಾಪಾರಿಗಳು ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆಶ್ರಮದಲ್ಲಿದ್ದ ಕಾಲದಲ್ಲೇ ಕುವೆಂಪು ‘ಜಲಗಾರ’ ಬರೆದರು. ಅದರಲ್ಲಿ ಶಿವ ಗುಡಿ ಬಿಟ್ಟು ಬೀದಿ ಗುಡಿಸುವವನ ಹತ್ತಿರ ಬರುತ್ತಾನೆ. ಮುಂದೆ ‘ವಿಚಾರಕ್ರಾಂತಿಗೆ ಆಹ್ವಾನ’ ಕೊಟ್ಟು ಪುರೋಹಿತಶಾಹಿಯನ್ನು ತರಾಟೆಗೆ ತೆಗೆದುಕೊಂಡವರೂ ಅವರೇ. ಬೆಳಿಗ್ಗೆ ಕಣ್ಣು ಮುಚ್ಚಿ ಕೂತದ್ದರಿಂದ ಆ ಮನುಷ್ಯ ಕುರಿಯಾಗಲಿಲ್ಲ. ಬನ್ನೂರಿನಲ್ಲಿ ಕೂತು ಹೇಳುತ್ತಿದ್ದೇನೆ, ಕುರಿ ಯಾವುದು ಅಂತ ನಮಗೆ ಗೊತ್ತಾಗುತ್ತದೆ.

ಇಪ್ಪತ್ತು ನಿಮಿಷ ಮುಗಿದ ಮೇಲಿನ ಅವಲಕ್ಕಿಯೇ ನನಗೆ ಹೆಚ್ಚು ಇಷ್ಟ. ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರೇ ವರದಿ ಒಪ್ಪಿಸುತ್ತಾರೆ. ಒಬ್ಬನಿಗೆ ನಿದ್ದೆ ಬಂತು. ಒಬ್ಬಳಿಗೆ ಪಕ್ಕದ ಮನೆ ಒಗ್ಗರಣೆಯ ವಾಸನೆಯಲ್ಲೇ ಹತ್ತು ನಿಮಿಷ ಹೋಯಿತು. ಇನ್ನೊಬ್ಬಳಿಗೆ ಕಾಲು ಜೋಮು ಹಿಡಿದು, ಧ್ಯಾನವೆಲ್ಲ ಎಡಗಾಲಿನ ಮೇಲೇ. ಯಾರೂ ಯಾರಿಗೂ ಉಪದೇಶ ಮಾಡಕೂಡದು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. ಅದು ಮುಖ್ಯವಾಗಿ ನನಗಾಗಿ ಮಾಡಿದ್ದು ಎಂಬ ಗುಮಾನಿ ನನಗಿದೆ. ಅವರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಶುಭೋದಯದ ಗುಲಾಬಿ, ಸುಭಾಷಿತ, ಹುಣ್ಣಿಮೆಯ ಚಂದ್ರ ನಿಷೇಧ. ‘ಭಾನುವಾರ ಬರ್ತೀನಿ’, ‘ಬರಲ್ಲ’, ಇಷ್ಟಕ್ಕೇ ಅದು ಮೀಸಲು. ಬೈಲಕುಪ್ಪೆಗೆ ಒಂದು ದಿನ ಹೋಗಿಬಂದರು. ಟಿಬೆಟಿನವರು 1961ರಿಂದ ನೆಲೆಸಿದ ಊರು, ನಮ್ಮ ಜಿಲ್ಲೆಯದೇ. ಚಿನ್ನದ ಬಣ್ಣದ ಬುದ್ಧನ ಎದುರು ಸೆಲ್ಫಿಯ ನೂಕುನುಗ್ಗಲಿನಲ್ಲಿ ಒಂದು ಮೂಲೆ ಹಿಡಿದು ಐದು ನಿಮಿಷ ಕೂತೆವು, ಯಾರೋ ನಮ್ಮದೇ ಫೋಟೊ ತೆಗೆದರು ಎಂದು ಬಂದು ಹೇಳಿದರು.

ವಾರದ ದಿನಗಳದ್ದೇ ತೊಡಕು. ಏಳೂವರೆಯ ಬಸ್ಸಿನಲ್ಲಿ ಕೂರುವ ಮಾತೇ ಇಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅವರ ಓಡಾಟ ಹೆಚ್ಚಿದೆ, ಹೆಚ್ಚಲಿ, ಆದರೆ ಕಂಬಿ ಹಿಡಿಯಲೂ ಜಾಗ ಹುಡುಕಬೇಕು. ‘ನಿಂತ್ಕೊಂಡೇ ಮಾಡಬಹುದಾ ಸರ್?’ ಎಂದು ಹುಡುಗಿ ಕೇಳಿದಳು. ಮಾಡಬಹುದು ಮಗಳೇ, ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವವನು ಮತ್ತೇನು ಮಾಡುತ್ತಿದ್ದಾನೆ? ಬಾಹುಬಲಿ ನಿಂತೇ ಧ್ಯಾನ ಮಾಡಿದವನು. ಕಾಲಿಗೆ ಬಳ್ಳಿ ಹಬ್ಬುವವರೆಗೂ ಅಲುಗಲಿಲ್ಲ ಎನ್ನುತ್ತಾರೆ. ನಿನ್ನ ಕಾಲಿಗೆ ಬೇರೆಯವರ ಬ್ಯಾಗು, ಟಿಫನ್ ಡಬ್ಬಿ ಹಬ್ಬಿರುತ್ತವೆ, ಅಷ್ಟೇ ವ್ಯತ್ಯಾಸ. ಕಣ್ಣು ತೆರೆದೇ ಇರಲಿ, ಪಾದ ನೆಲಕ್ಕೆ ಒತ್ತಿರುವುದನ್ನು ಗಮನಿಸು, ಬ್ರೇಕ್ ಹಾಕಿದಾಗ ಮೈ ವಾಲುವುದನ್ನು ಗಮನಿಸು. ಪರ್ಸಿನ ಮೇಲೂ ಗಮನವಿರಲಿ. ಅವಳು ಈಗ ಬನ್ನೂರಿನಿಂದ ಮೈಸೂರಿನವರೆಗೆ ಬಾಹುಬಲಿ, ಅಲ್ಲಿಂದ ಕಾಲೇಜಿನವರೆಗೆ ಸಾಮಾನ್ಯ ಮನುಷ್ಯಳು.

ಒಂದು ವಿಷಯ ಮಾತ್ರ ಹರಟೆ ಬಿಟ್ಟು ಹೇಳಬೇಕು. ಕಣ್ಣು ಮುಚ್ಚಿದರೆ ಎಲ್ಲರಿಗೂ ನೆಮ್ಮದಿ ಬರುತ್ತದೆ ಎಂಬುದು ಸುಳ್ಳು. ಆ ಗುಂಪಿನ ಒಬ್ಬಳಿಗೆ ಕಣ್ಣು ಮುಚ್ಚಿದೊಡನೆ ಎದೆ ಹೊಡೆದುಕೊಳ್ಳುತ್ತಿತ್ತು, ಮನೆಯಲ್ಲಿ ನಡೆದದ್ದೆಲ್ಲ ಮೇಲೆ ಬರುತ್ತಿತ್ತು. ಅಂಥವರಿಗೆ ಇನ್ನೂ ಗಟ್ಟಿಯಾಗಿ ಕೂರು ಎನ್ನುವುದು ಕ್ರೌರ್ಯ. ಅವಳು ಕಣ್ಣು ಬಿಟ್ಟುಕೊಂಡು ಹಿತ್ತಿಲಿನಲ್ಲಿ ನಿಧಾನ ನಡೆಯತೊಡಗಿದಳು, ಅದೂ ಅಭ್ಯಾಸವೇ. ಜೊತೆಗೆ ಗೆಳತಿಯರೇ ಅವಳಿಂದ 14416ಕ್ಕೆ ಫೋನು ಮಾಡಿಸಿದರು. ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದಿನ ಮುಖ್ಯ ಆಧಾರ ಬೆಂಗಳೂರಿನ ನಿಮ್ಹಾನ್ಸ್. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ ಅನ್ನುವ ನಾವು ಮನಸ್ಸು ಬೆಂದರೆ ಪ್ರಾಣಾಯಾಮ ಮಾಡು ಎಂದು ಕಳಿಸಿಬಿಡುತ್ತೇವೆ. ಹುಡುಗರು ನಮಗಿಂತ ತಿಳಿವಳಿಕೆಯಿಂದ ನಡೆದುಕೊಂಡರು. ನಂಬರನ್ನು ಫೋನಿಡುವ ಮೊರದ ಅಂಚಿಗೇ ಚೀಟಿ ಅಂಟಿಸಿ ಬರೆದಿದ್ದಾರೆ.

ಆ ಮೊರ ವಾಪಸು ಬೇಕೆಂದು ಅಕ್ಕ ಮೊನ್ನೆ ಬೇಲಿಯ ಹತ್ತಿರ ಬಂದರು. ರಾಗಿ ಕೇರಬೇಕಿತ್ತಂತೆ. ಕೊಟ್ಟೆ. ಮೊರ ಇಸಕೊಂಡೂ ಅವರು ಹೋಗಲಿಲ್ಲ, ಅಂದರೆ ಇನ್ನೇನೋ ಇದೆ.

‘ಮೇಷ್ಟ್ರೇ, ನಂಜನಗೂಡ್ನಾಗೆ ನಮ್ ಅಣ್ಣನ್ ಮೊಮ್ಮಗ ಅವ್ನಲ್ಲ, ಡಿಗ್ರಿ ಓದ್ತಾವ್ನೆ. ಅವ್ನ್ಗೂ ಇದೇ ಹುಚ್ಚು ಹಿಡ್ದದಂತೆ. ಐಕ್ಳ ಸೇರಿಸ್ಬೇಕು, ಎಂಗ್ ಮಾಡೋದು ಅಂತ ಫೋನ್ ಮಾಡಿದ್ದ.’

‘ನೀವೇನು ಹೇಳಿದ್ರಿ ಅಕ್ಕ?’

‘ಇಬ್ರೇ ಬಂದ್ರೂ ಶುರು ಮಾಡು ಅಂದೆ. ಫೋನ್ಗಳ್ನ ಮೊರಕ್ ಹಾಕ್ಸು ಅಂದೆ. ಫ್ಲೆಕ್ಸು ಗಿಕ್ಸು ಹಾಕ್ಸೀಯ, ಕಾಲ್ ಮುರೀತೀನಿ ಅಂದೆ. ಸ್ವಾಮ್ಗಳ್ ಫೋಟೊ...’ ಇಲ್ಲಿ ಅಕ್ಕ ಸ್ವಲ್ಪ ತಡೆದರು, ‘ಫೋಟೊ ಒಳ್ಗಡೆ ರೂಮ್ನಾಗೆ ಇಟ್ಕೊ, ಯಾರ್ಗೂ ಕಾಣ್ದಂಗೆ ಅಂದೆ. ಅದು ಸರಿ ತಾನೆ?’

‘ಸರಿ.’

‘ಅವಲಕ್ಕಿ ಮಾತ್ರ ಬ್ಯಾಡ ಅಂದಿವ್ನಿ. ನಮ್ ಊರಲ್ಲಿ ರಸಬಾಳೆ ಇಟ್ಕಂಡು ಅವಲಕ್ಕಿ ಯಾಕ್ ಮೇಷ್ಟ್ರೇ?’